ಆಕಾಶದಿಂದ ಕಾಣುವ ಹವಳ, ನೀರೊಳಗೆ ಉಳಿದಿರುವ ಹವಳ

ಜಗತ್ತಿನ ಆಳವಿಲ್ಲದ ಕಡಲುಗಳಲ್ಲಿರುವ ಹವಳದ ದಿಬ್ಬಗಳಿಗೆಲ್ಲ ಒಂದೇ ವಿಧಾನದ, ಸೂಕ್ಷ್ಮ ವಿವರಗಳಿರುವ ನಕ್ಷೆ ಸಿದ್ಧವಾದದ್ದು ತೀರಾ ಈಚೆಗೆ, 2021ರ ಸೆಪ್ಟೆಂಬರಿನಲ್ಲಿ. ಅಲೆನ್ ಕೋರಲ್ ಅಟ್ಲಾಸ್ ಎಂಬ ಈ ನಕ್ಷೆಯ ಯೋಜನೆಗೆ ಹಣ ಒದಗಿಸಿದವರು ಮೈಕ್ರೋಸಾಫ್ಟ್‌ನ ಸಹಸಂಸ್ಥಾಪಕ ಪಾಲ್ ಅಲೆನ್. ಇಂಥದೊಂದು ನಕ್ಷೆ ಬೇಕೇಬೇಕೆಂದು ಹಟ ಹಿಡಿದವರಲ್ಲಿ ಹವಾಯಿಯ ಹವಳ ವಿಜ್ಞಾನಿ ರೂತ್ ಗೇಟ್ಸ್ ಮುಖ್ಯರು. ಕೆಲಸ ಇನ್ನೂ ಆರಂಭದ ಹಂತದಲ್ಲಿದ್ದಾಗ, 2018ರ ಅಕ್ಟೋಬರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ಆಮೇಲೆ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಮತ್ತಿತರ ತಂಡಗಳು ಪ್ಲಾನೆಟ್ ಕಂಪನಿಯ ಪುಟ್ಟ ಉಪಗ್ರಹಗಳು ತೆಗೆದ ಚಿತ್ರಗಳಿಂದ ಅದನ್ನು ಪೂರೈಸಿದವು. ಇವತ್ತು ಮಂಗಳೂರಿನ ವಿದ್ಯಾರ್ಥಿಯೂ ಕವರತ್ತಿಯ ಮೀನುಗಾರನೂ ಕಾಸು ಕೊಡದೆ ಅದನ್ನು ತೆರೆದು ನೋಡಬಹುದು. ಈ ನಕ್ಷೆಯ ಆಧಾರದ ಮೇಲೆ 2024ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಜಗತ್ತಿನಲ್ಲಿರುವ ಆಳವಿಲ್ಲದ ಹವಳದ ದಿಬ್ಬಗಳ ಒಟ್ಟು ವಿಸ್ತೀರ್ಣ 3,48,361 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ. ಅದರೊಳಗೆ ಹವಳ ಬೇರೂರಬಲ್ಲ ಗಟ್ಟಿ ನೆಲ ಸುಮಾರು 80,000 ಚದರ ಕಿಲೋಮೀಟರ್ ಮಾತ್ರ. ಉಳಿದದ್ದು ಮರಳು, ಹವಳದ ಚೂರುಪಾರು, ಕಡಲಹುಲ್ಲು.

ಈ ನಕ್ಷೆಯನ್ನು ತೆರೆದವರು ಅದರ ಬಣ್ಣಗಳ ಸೂಚಿಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಕಡಲತಳವನ್ನು ಅದು ಆರು ವರ್ಗಗಳಾಗಿ ವಿಂಗಡಿಸುತ್ತದೆ: ಮರಳು, ಚೂರು, ಬಂಡೆ, ಕಡಲಹುಲ್ಲು, ಸೂಕ್ಷ್ಮ ಪಾಚಿಯ ಹಾಸು, ಮತ್ತು ಆರನೆಯದಾಗಿ ಹವಳ ಅಥವಾ ಪಾಚಿ. ಹವಳಕ್ಕೆಂದೇ ಮಾಡಿದ ನಕ್ಷೆಯಲ್ಲಿ ಹವಳಕ್ಕೆ ಅದರದೇ ಆದ ಬಣ್ಣವಿಲ್ಲ. ಪಾಚಿಯೊಡನೆ ಹಂಚಿಕೊಂಡ ಬಣ್ಣವಿದೆ. ನಕ್ಷೆ ಮಾಡಿದವರು ಅಜಾಗರೂಕರಾಗಿ ಹೀಗೆ ಮಾಡಿದ್ದಲ್ಲ, ಪ್ರಾಮಾಣಿಕರಾಗಿದ್ದರಿಂದ ಮಾಡಿದ್ದು. ಹವಳ ಒಂದು ಪ್ರಾಣಿ. ಅದರ ಅಂಗಾಂಶದೊಳಗೆ ವಾಸಿಸುವ ಏಕಕೋಶದ ಪಾಚಿಗಳೇ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೆ ಉಣಿಸುತ್ತವೆ, ಅದರ ಕಂದು ಬಣ್ಣವೂ ಬಹುಮಟ್ಟಿಗೆ ಆ ಪಾಚಿಗಳದ್ದೇ. ನೀರು ಬಿಸಿಯೇರಿದಾಗ ಹವಳ ಈ ಪಾಚಿಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಳಿಯದಿದ್ದರೆ ಸಾಯುತ್ತದೆ. ಸತ್ತ ಹವಳದ ಬಿಳಿ ಅಸ್ಥಿಯ ಮೇಲೆ ಕೆಲವೇ ವಾರಗಳಲ್ಲಿ ಬೇರೆ ಜಾತಿಯ ಪಾಚಿ ಹಬ್ಬಿಕೊಳ್ಳುತ್ತದೆ. ಆಗ ಮೇಲಿನಿಂದ ನೋಡುವ ಉಪಗ್ರಹಕ್ಕೆ ಆ ಜಾಗ ಮತ್ತೆ ಕಂದಾಗಿ ಕಾಣುತ್ತದೆ. ಜೀವಂತ ಹವಳವೂ ಪಾಚಿ ಮುಚ್ಚಿದ ಹವಳದ ಹೆಣವೂ ಒಂದೇ ವರ್ಗಕ್ಕೆ ಬೀಳುತ್ತವೆ.

ಈ ಲೇಖನದ ವಾದ ಇಲ್ಲಿಂದಲೇ ಹೊರಡುತ್ತದೆ. ಡಿಜಿಟಲ್ ನಕ್ಷೆಗಳು ಹವಳವನ್ನು ಅರಿಯುವ ಕೆಲಸಕ್ಕೆ ಇದುವರೆಗೆ ಸಿಕ್ಕಿರುವ ಅತ್ಯಂತ ದೊಡ್ಡ ನೆರವು, ಅದರಲ್ಲಿ ಅನುಮಾನವಿಲ್ಲ. ಆದರೆ ಅವು ತೋರಿಸುವುದು ಹವಳದ ಮನೆಯನ್ನು. ಮನೆಯೊಳಗೆ ಯಾರು ಬದುಕಿದ್ದಾರೆಂಬುದನ್ನು ತಿಳಿಯಲು ಮುಳುಗುಗಾರರು ವರ್ಷವರ್ಷವೂ ಅದೇ ಜಾಗಕ್ಕೆ ಇಳಿದು ಎಣಿಸಬೇಕು. ಈ ಎರಡನ್ನೂ ಒಟ್ಟಿಗೆ ಹೆಣೆದರೆ ಮಾತ್ರ ರಕ್ಷಣೆಗೆ ಬೇಕಾದ ತಿಳಿವಳಿಕೆ ಹುಟ್ಟುತ್ತದೆ. ಒಂದಕ್ಕೆ ಹಣ ಕೊಟ್ಟು ಇನ್ನೊಂದನ್ನು ಕೈಬಿಟ್ಟರೆ ನಷ್ಟ ನಕ್ಷೆಗೂ ಹೌದು, ಹವಳಕ್ಕೂ ಹೌದು.

ನಕ್ಷೆಯನ್ನು ನೋಡಿ ಹವಳದ ಬಗ್ಗೆ ದೊಡ್ಡ ಸತ್ಯವನ್ನು ಊಹಿಸಿದ ಉದಾಹರಣೆ ಹಳೆಯದು. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಹವಳದ ದಿಬ್ಬಗಳ ರಚನೆಯ ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ಒಂದು ಬಣ್ಣದ ನಕ್ಷೆಯಿದೆ. ಉಂಗುರಾಕಾರದ ಹವಳದ್ವೀಪಗಳಿಗೆ ಕಡು ನೀಲಿ, ದಡದಿಂದ ದೂರ ನಿಂತ ತಡೆದಿಬ್ಬಗಳಿಗೆ ತಿಳಿ ನೀಲಿ, ದಡಕ್ಕೇ ಅಂಟಿಕೊಂಡವಕ್ಕೆ ಕೆಂಪು. ಅವರು ಕಣ್ಣಾರೆ ಪರೀಕ್ಷಿಸಿದ ದಿಬ್ಬಗಳು ಕಡಿಮೆ. 1836ರಲ್ಲಿ ಭೇಟಿಕೊಟ್ಟ ಕೀಲಿಂಗ್ ದ್ವೀಪಗಳು ಅವುಗಳಲ್ಲಿ ಮುಖ್ಯ. ಉಳಿದದ್ದೆಲ್ಲ ಬೇರೆಯವರು ಮಾಡಿದ ಕಡಲ ನಕ್ಷೆಗಳ ಓದು. ನಮ್ಮ ನೆರೆಯ ಮಾಲ್ಡೀವ್ಸ್ ದ್ವೀಪಗಳನ್ನು ಅಳೆದ ರಾಬರ್ಟ್ ಮೋರ್ಸ್‌ಬಿಯ ಸರ್ವೆಗಳೂ ಅದರಲ್ಲಿ ಸೇರಿದ್ದವು. ಮುಳುಗುತ್ತಿರುವ ಜ್ವಾಲಾಮುಖಿ ಬೆಟ್ಟದ ಸುತ್ತ ಹವಳ ಮೇಲಕ್ಕೆ ಬೆಳೆಯುತ್ತ ಹೋಗಿ ಕೊನೆಗೆ ಉಂಗುರವಷ್ಟೇ ಉಳಿಯುತ್ತದೆ ಎಂಬ ಅವರ ಸಿದ್ಧಾಂತ ಈ ಆಕಾರಗಳನ್ನು ಹೋಲಿಸಿ ನೋಡಿದ್ದರಿಂದ ಬಲಗೊಂಡಿತು. ಅದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಮಾತ್ರ 1952ರಲ್ಲಿ, ಪೆಸಿಫಿಕ್‌ನ ಎನಿವೆಟಾಕ್ ದ್ವೀಪದಲ್ಲಿ 1,200 ಮೀಟರಿಗೂ ಹೆಚ್ಚು ಆಳಕ್ಕೆ ಕೊರೆದು, ಹವಳದ ಸುಣ್ಣಕಲ್ಲಿನ ಕೆಳಗೆ ಜ್ವಾಲಾಮುಖಿಯ ಶಿಲೆಯನ್ನು ಮುಟ್ಟಿದಾಗ. ಆಕಾರ ಪ್ರಶ್ನೆಯನ್ನು ಎತ್ತಿಕೊಟ್ಟಿತು, ಉತ್ತರ ಸಿಗಲು ಕೆಳಕ್ಕೆ ಇಳಿಯಬೇಕಾಯಿತು.

ಉಪಗ್ರಹ ಕಡಲತಳವನ್ನು ಓದುವ ಬಗೆಯನ್ನು ತಿಳಿದರೆ ಅದರ ಶಕ್ತಿಯೂ ಮಿತಿಯೂ ಒಟ್ಟಿಗೆ ಅರ್ಥವಾಗುತ್ತವೆ. ಬಿಸಿಲು ನೀರೊಳಗೆ ಇಳಿದಂತೆ ಅದರ ಬಣ್ಣಗಳು ಒಂದೊಂದಾಗಿ ಕಳೆದುಹೋಗುತ್ತವೆ. ಕೆಂಪು ಬೆಳಕು ಮೊದಲ ಕೆಲವು ಮೀಟರುಗಳಲ್ಲೇ ಹೀರಿಹೋಗುತ್ತದೆ, ಹಸಿರು ಇನ್ನಷ್ಟು ಆಳಕ್ಕೆ ಹೋಗುತ್ತದೆ, ತಿಳಿಯಾದ ಉಷ್ಣವಲಯದ ನೀರಿನಲ್ಲಿ ಎಲ್ಲಕ್ಕಿಂತ ಆಳಕ್ಕೆ ತಲುಪುವುದು ನೀಲಿ. ಹೀಗಾಗಿ ಮೂರು ಮೀಟರ್ ಆಳದ ಬಿಳಿ ಮರಳು ಮತ್ತು ಹತ್ತು ಮೀಟರ್ ಆಳದ ಅದೇ ಮರಳು ಉಪಗ್ರಹಕ್ಕೆ ಬೇರೆ ಬೇರೆ ಬಣ್ಣವಾಗಿ ಕಾಣುತ್ತವೆ. ನೀಲಿ ಮತ್ತು ಹಸಿರಿನ ಪ್ರಮಾಣವನ್ನು ಹೋಲಿಸಿ ಮೊದಲು ಆಳವನ್ನು ಲೆಕ್ಕಹಾಕಬೇಕು, ಆಮೇಲೆ ಆ ಆಳದ ಪ್ರಭಾವವನ್ನು ಕಳೆದು ತಳದ ನಿಜ ಬಣ್ಣವನ್ನು ಅಂದಾಜು ಮಾಡಬೇಕು. ಅದಕ್ಕೂ ಮುಂಚೆ ಗಾಳಿಯಲ್ಲಿರುವ ದೂಳು ಮತ್ತು ತೇವದ ಪರಿಣಾಮ, ಅಲೆಗಳ ಮೇಲೆ ಮಿನುಗುವ ಬಿಸಿಲಿನ ಹೊಳಪು, ಮೋಡ, ಮೋಡದ ನೆರಳು ಎಲ್ಲವನ್ನೂ ತೆಗೆಯಬೇಕು. ಒಂದೇ ಜಾಗದ ಹತ್ತಾರು ಚಿತ್ರಗಳಿಂದ ಶುದ್ಧವಾದ ತುಣುಕುಗಳನ್ನು ಆಯ್ದು ಜೋಡಿಸುವುದು ಅದಕ್ಕಾಗಿಯೇ. ಪ್ಲಾನೆಟ್‌ನ ಉಪಗ್ರಹಗಳು ನೂರಕ್ಕೂ ಹೆಚ್ಚಿರುವುದರಿಂದ ಭೂಮಿಯ ಬಹುಭಾಗದ ಚಿತ್ರ ಹೆಚ್ಚುಕಡಿಮೆ ದಿನಾಲೂ ಸಿಗುತ್ತದೆ. ಒಂದೊಂದು ಪಿಕ್ಸೆಲ್ ನೆಲದ ಮೇಲೆ ಮೂರು ನಾಲ್ಕು ಮೀಟರ್ ಅಗಲದ ಚೌಕ. ಹಿಂದಿನ ದೊಡ್ಡ ಜಾಗತಿಕ ಪ್ರಯತ್ನ ಲ್ಯಾಂಡ್‌ಸ್ಯಾಟ್ ಉಪಗ್ರಹದ 30 ಮೀಟರ್ ಪಿಕ್ಸೆಲ್‌ಗಳನ್ನು ನೆಚ್ಚಿಕೊಂಡಿತ್ತು. ಅದಕ್ಕೆ ಹೋಲಿಸಿದರೆ ಇದು ಬಹಳ ದೂರದ ಪಯಣ. ಹಿಮದ ದಪ್ಪವನ್ನು ಅಳೆಯಲೆಂದು 2018ರಲ್ಲಿ ನಾಸಾ ಹಾರಿಸಿದ ಐಸ್‌ಸ್ಯಾಟ್-2 ಉಪಗ್ರಹದ ಹಸಿರು ಲೇಸರ್ ಕಿರಣ ತಿಳಿನೀರನ್ನು ತೂರಿ ಕಡಲತಳವನ್ನೂ ಮುಟ್ಟಿ ಹಿಂತಿರುಗುತ್ತದೆ ಎಂದು ಗೊತ್ತಾದ ಮೇಲೆ, ಬಣ್ಣದಿಂದ ಲೆಕ್ಕಹಾಕಿದ ಆಳ ಸರಿಯೇ ಎಂದು ಪರೀಕ್ಷಿಸಲು ಇನ್ನೊಂದು ದಾರಿಯೂ ತೆರೆಯಿತು.

ಇಷ್ಟಾದ ಮೇಲೆ ಕಂಪ್ಯೂಟರಿನ ಕೆಲಸ ಶುರು. ಬಣ್ಣ, ಆಳ, ಇಳಿಜಾರು, ಅಲೆಗಳ ಹೊಡೆತ, ಅಕ್ಕಪಕ್ಕದ ಪಿಕ್ಸೆಲ್‌ಗಳ ಸ್ವರೂಪ ಇವನ್ನೆಲ್ಲ ಒಟ್ಟು ಮಾಡಿ, ಈ ಚೌಕ ದಿಬ್ಬದ ನೆತ್ತಿಯೇ, ಹೊರ ಇಳಿಜಾರೇ, ದಿಬ್ಬ ಸುತ್ತುವರಿದ ನೀರಿನ ಲಗೂನೇ ಎಂದು ಅದು ತೀರ್ಮಾನಿಸುತ್ತದೆ. ಆಕಾರದ ಈ ತೀರ್ಮಾನಗಳು ಸಾಮಾನ್ಯವಾಗಿ ನಂಬಲರ್ಹ. ತಳದಲ್ಲಿ ಏನಿದೆ ಎಂಬ ತೀರ್ಮಾನ ಅಷ್ಟು ಗಟ್ಟಿಯಲ್ಲ, ಹತ್ತು ಹದಿನೈದು ಮೀಟರಿಗಿಂತ ಕೆಳಗೆ ಹೋದಂತೆ ಇನ್ನೂ ದುರ್ಬಲ. ಮೂವತ್ತು ಮೀಟರಿನಿಂದ ನೂರೈವತ್ತು ಮೀಟರಿನವರೆಗಿನ ಮಬ್ಬು ಬೆಳಕಿನಲ್ಲಿ ಬೆಳೆಯುವ ಹವಳಗಳಂತೂ ಈ ನಕ್ಷೆಗಳಲ್ಲಿ ಇಲ್ಲವೇ ಇಲ್ಲ. ಮುಖ್ಯ ಸಂಗತಿ ಇನ್ನೊಂದಿದೆ: ಕಂಪ್ಯೂಟರಿಗೆ ಇದು ಹವಳ, ಇದು ಮರಳು ಎಂದು ಮೊದಲು ಕಲಿಸಿಕೊಟ್ಟ ಮಾದರಿಗಳು ಮನುಷ್ಯರು ಗುರುತಿಸಿದವು. ಆ ಮಾದರಿಗಳ ಬೇರು ನೀರಿಗಿಳಿದವರು ಹಗ್ಗ ಹಿಡಿದು ತೆಗೆದ ಫೋಟೊಗಳಲ್ಲಿದೆ. ಅವು ಎಲ್ಲಿ ಸಾಕಷ್ಟಿವೆಯೋ ಅಲ್ಲಿ ನಕ್ಷೆ ಚೆನ್ನಾಗಿ ಬರುತ್ತದೆ. ಎಲ್ಲಿ ಇಲ್ಲವೋ ಅಲ್ಲಿ ಬೇರೆ ಕಡಲಿನ ಅನುಭವವನ್ನು ಈ ಕಡಲಿಗೆ ಹೊಂದಿಸಿ ಊಹಿಸಬೇಕಾಗುತ್ತದೆ.

ಈಗ ಲಕ್ಷದ್ವೀಪಕ್ಕೆ ಬರೋಣ. ಅಲ್ಲಿನ ನೆಲ ಸುಮಾರು 32 ಚದರ ಕಿಲೋಮೀಟರ್, ಲಗೂನುಗಳ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರ್. ಮುಂಗಾರಿನ ಅಲೆಗಳನ್ನು ತಡೆದು ಆ ಚೂರು ನೆಲವನ್ನೂ ಅದರಡಿಯ ಸಿಹಿನೀರಿನ ತೆಳು ಪದರವನ್ನೂ ಕಾಯುವುದು ಹವಳದ ದಿಬ್ಬವೇ. ಟ್ಯೂನಾ ಹಿಡಿಯಲು ಬೇಕಾದ ಸಣ್ಣ ಎರೆಮೀನೂ ಅಲ್ಲಿಂದಲೇ. ಈ ದ್ವೀಪಗಳು ಕನ್ನಡ ನಾಡಿಗೆ ದೂರದವಲ್ಲ. ಕದ್ಮತ್, ಅಮೀನಿ, ಕಿಲ್ತಾನ್, ಚೆತ್ಲಾತ್, ಬಿತ್ರಾ ಸೇರಿದ ಅಮೀನ್‌ದಿವಿ ಗುಂಪು ಟಿಪ್ಪುವಿನ ಆಳ್ವಿಕೆಗೆ ಒಳಪಟ್ಟಿತ್ತು, ಅವನ ಪತನದ ನಂತರ 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಈಗ ಅಲ್ಲಿನ ಹವಳವನ್ನು ದೀರ್ಘಕಾಲ ಅಧ್ಯಯನ ಮಾಡುತ್ತಿರುವುದು ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್. ಅಗತ್ತಿ, ಕದ್ಮತ್, ಕವರತ್ತಿ ಈ ಮೂರು ದ್ವೀಪಗಳಲ್ಲಿ 1998ರಿಂದ 2022ರವರೆಗೆ ಸಂಗ್ರಹಿಸಿದ ಮಾಹಿತಿಯನ್ನು ಮಯೂಖ್ ಡೇ, ರೋಹನ್ ಆರ್ಥರ್ ಮತ್ತು ಸಂಗಡಿಗರು 2025ರಲ್ಲಿ ಪ್ರಕಟಿಸಿದರು. ದಿಬ್ಬದ ಮೇಲೆ ಜೀವಂತ ಹವಳ ಹೊದ್ದಿದ್ದ ಪಾಲು 1998ರಲ್ಲಿ ಸುಮಾರು ಶೇ 37 ಇದ್ದದ್ದು 2022ರ ಹೊತ್ತಿಗೆ ಶೇ 19ರ ಆಸುಪಾಸಿಗೆ ಇಳಿದಿತ್ತು. ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೋ ವರ್ಷಗಳಾದ 1998, 2010, 2016ರ ಬಿಸಿ ಒಂದರ ಮೇಲೊಂದು ಬಂದು ಹವಳಕ್ಕೆ ಉಸಿರಾಡಲು ಬಿಡುವು ಕೊಡಲಿಲ್ಲ. ಬಿಸಿಯಿಲ್ಲದ ಆರು ವರ್ಷಗಳಾದರೂ ಸಿಕ್ಕ ಮೇಲೆಯೇ ಚೇತರಿಕೆಗೆ ನಿಜವಾದ ವೇಗ ಬರುತ್ತದೆ ಎಂಬುದು ಅವರು ಕಂಡುಕೊಂಡ ಅತಿ ಮುಖ್ಯ ಸಂಗತಿ.

ಇದೇ ಇಪ್ಪತ್ತನಾಲ್ಕು ವರ್ಷಗಳ ಆಚೀಚಿನ ಎರಡು ಉಪಗ್ರಹ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಈ ಮೂರು ದ್ವೀಪಗಳ ದಿಬ್ಬದ ಹೊರಗೆರೆ ಬಹುತೇಕ ಹಾಗೇ ಇರುತ್ತದೆ. ದಿಬ್ಬವೆಂಬ ಸುಣ್ಣಕಲ್ಲು ಅಷ್ಟು ಬೇಗ ಕರಗುವುದಿಲ್ಲ. ಅದರ ಮೇಲಿದ್ದ ಜೀವ ಅರ್ಧಕ್ಕಿಳಿದದ್ದು ಮುಳುಗುಗಾರರ ಎಣಿಕೆಯಲ್ಲಿ ಮಾತ್ರ ಸ್ಪಷ್ಟವಾಗಿ ದಾಖಲಾಗಿದೆ. ಹಾಗಾದರೆ ನಕ್ಷೆಯಿಂದ ಏನು ಬಂತು ಎಂದು ಕೇಳಿದರೆ, ಉತ್ತರ ಅದೇ ಅಧ್ಯಯನದಲ್ಲಿದೆ. ಹವಳ ಬಿಸಿಯನ್ನು ಹೇಗೆ ತಾಳಿಕೊಂಡಿತು ಎಂಬುದು ಆಳವನ್ನೂ, ಮುಂಗಾರಿನ ಅಲೆ ನೇರವಾಗಿ ಬಡಿಯುವ ಪಡುವಣ ಬದಿಯೋ ಮರೆಯಲ್ಲಿರುವ ಮೂಡಣ ಬದಿಯೋ ಎಂಬುದನ್ನೂ ಅವಲಂಬಿಸಿತ್ತು. ಆಳ ಮತ್ತು ಅಲೆಯ ಹೊಡೆತ ಎರಡೂ ನಕ್ಷೆಯಲ್ಲಿ ಚೆನ್ನಾಗಿ ಮೂಡುವ ಗುಣಗಳು. ಮುಳುಗುಗಾರರು ಇಳಿಯಬಲ್ಲದ್ದು ಕೆಲವೇ ಜಾಗಗಳಿಗೆ, ಅಳೆಯಬಲ್ಲದ್ದು ಕೆಲವು ಮೀಟರ್ ಹಗ್ಗದ ಉದ್ದಕ್ಕೆ. ಆದರೆ ಅವರು ಅಳೆದ ಜಾಗದಂಥ ಜಾಗಗಳು ಇಡೀ ದ್ವೀಪಸಮೂಹದಲ್ಲಿ ಬೇರೆಲ್ಲೆಲ್ಲಿವೆ ಎಂದು ನಕ್ಷೆ ಹೇಳಬಲ್ಲದು. ಹೀಗೆ ಕೆಲವು ಮೀಟರುಗಳ ತಿಳಿವಳಿಕೆ ಚದರ ಕಿಲೋಮೀಟರುಗಳಿಗೆ ಹಬ್ಬುತ್ತದೆ. ಮುಂದಿನ ಬಿಸಿಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚಿರುವ ಹವಳ ಎಲ್ಲಿದೆ, ಜೆಟ್ಟಿ ಕಟ್ಟುವಾಗ ಯಾವ ಭಾಗವನ್ನು ಮುಟ್ಟಲೇಬಾರದು, ಹೂಳೆತ್ತಿದ ಮಣ್ಣು ಯಾವ ಕಡೆ ಹರಿಯುತ್ತದೆ ಎಂಬ ಪ್ರಶ್ನೆಗಳಿಗೆ ಆಧಾರವುಳ್ಳ ಉತ್ತರ ಕೊಡಲು ಆಗ ಸಾಧ್ಯ.

ಮುಳುಗುಗಾರರ ಎಣಿಕೆಯೂ ಒಂದೇ ಅಂಕಿಯಾಗಿ ಉಳಿದರೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಸಾಕ್ಷಿ. ಅಲ್ಲಿನ ಸಾಗರ ವಿಜ್ಞಾನ ಸಂಸ್ಥೆ ದೋಣಿಯ ಹಿಂದೆ ಹಗ್ಗ ಹಿಡಿದ ಮುಳುಗುಗಾರರನ್ನು ಎಳೆದುಕೊಂಡು ಹೋಗುತ್ತ, ಎರಡೆರಡು ನಿಮಿಷಕ್ಕೊಮ್ಮೆ ಕಂಡದ್ದನ್ನು ಬರೆಸುವ ಸಮೀಕ್ಷೆಯನ್ನು ನಾಲ್ಕು ದಶಕಗಳಿಂದ ನಡೆಸಿಕೊಂಡು ಬಂದಿದೆ. 2022ರಲ್ಲಿ ಉತ್ತರ ಮತ್ತು ಮಧ್ಯ ಭಾಗಗಳ ಹವಳದ ಹೊದಿಕೆ 36 ವರ್ಷಗಳಲ್ಲೇ ಅತ್ಯಧಿಕ ಎಂದು ಅದು ವರದಿ ಮಾಡಿತು. ಹವಳಕ್ಕೆ ಏನೂ ಆಗಿಲ್ಲ ಎನ್ನುವವರಿಗೆ ಹಬ್ಬವಾಯಿತು. ವರದಿಯೊಳಗೇ ಇದ್ದ ಎಚ್ಚರಿಕೆಯನ್ನು ಅವರು ಓದಲಿಲ್ಲ: ಬೆಳೆದದ್ದು ಬಹುಪಾಲು ಅಕ್ರೊಪೊರಾ ಎಂಬ, ಬೇಗ ಬೆಳೆಯುವ, ಬೇಗ ಸಾಯುವ, ಕವಲುಕವಲಾದ ಹವಳ. 2024ರ ಬಿಸಿಯ ನಂತರ, 2025ರ ವರದಿಯಲ್ಲಿ, ಉತ್ತರ ಭಾಗದ ಹೊದಿಕೆಯಲ್ಲಿ ಸುಮಾರು ಕಾಲು ಪಾಲು, ದಕ್ಷಿಣದಲ್ಲಿ ಮೂರನೇ ಒಂದಕ್ಕೆ ಸಮೀಪದಷ್ಟು ಪಾಲು ಒಂದೇ ವರ್ಷದಲ್ಲಿ ಕಳೆದುಹೋಗಿತ್ತು. ಯಾವ ಜಾತಿಯ ಹವಳ ಎಂಬುದನ್ನು ಬರೆದಿಟ್ಟವರು ಇದ್ದದ್ದರಿಂದ ಈ ಕುಸಿತ ವಿಜ್ಞಾನಿಗಳಿಗೆ ಒಗಟಾಗಲಿಲ್ಲ.

ಬಿಸಿಯ ನಕ್ಷೆಗಳ ಕತೆ ಸ್ವಲ್ಪ ಬೇರೆ. ಇಲ್ಲಿ ಉಪಗ್ರಹದ ಸಾಮರ್ಥ್ಯಕ್ಕೆ ಎಣೆಯಿಲ್ಲ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾ ಜಗತ್ತಿನ ಕಡಲಮೇಲ್ಮೈಯನ್ನು ಐದು ಕಿಲೋಮೀಟರ್ ಚೌಕಗಳಾಗಿ ವಿಂಗಡಿಸಿ ದಿನವೂ ಉಷ್ಣತೆಯನ್ನು ಗುರುತಿಸುತ್ತದೆ. ಒಂದು ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಒಂದು ವಾರ ಉಳಿದರೆ ಅದು ಒಂದು ಡಿಗ್ರಿ-ವಾರ. ಕಳೆದ ಹನ್ನೆರಡು ವಾರಗಳ ಮೊತ್ತ ನಾಲ್ಕು ಮುಟ್ಟಿದರೆ ಹವಳ ಗಣನೀಯವಾಗಿ ಬಿಳಿಚುವ ನಿರೀಕ್ಷೆ, ಎಂಟು ಮುಟ್ಟಿದರೆ ಸಾವಿನ ನಿರೀಕ್ಷೆ. ಹಿಂದೆ ಎಂಟರ ಮೇಲೆ ಎಚ್ಚರಿಕೆಯ ಹಂತವೇ ಇರಲಿಲ್ಲ. 2023ರ ಬಿಸಿ ಆ ಅಳತೆಗೋಲನ್ನೇ ಮೀರಿದ್ದರಿಂದ ಆ ಡಿಸೆಂಬರಿನಲ್ಲಿ ಇನ್ನೂ ಮೂರು ಹಂತಗಳನ್ನು ಸೇರಿಸಬೇಕಾಯಿತು. ಕೊನೆಯದು ಇಪ್ಪತ್ತು ಡಿಗ್ರಿ-ವಾರ ದಾಟಿದ ಜಾಗಗಳಿಗೆ. ಭಾರತದಲ್ಲಿ ಇಂಥ ಎಚ್ಚರಿಕೆಗಳನ್ನು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಕೊಡುತ್ತದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಸುತ್ತ ಬಿಸಿ ನಾಲ್ಕು ಡಿಗ್ರಿ-ವಾರ ದಾಟಿದ್ದನ್ನೂ ಹವಳ ವ್ಯಾಪಕವಾಗಿ ಬಿಳಿಚಿದ್ದನ್ನೂ ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವರದಿ ಮಾಡಿತು.

ಆದರೆ ಈ ನಕ್ಷೆಯೂ ತಪ್ಪು ಓದಿಗೆ ಸುಲಭವಾಗಿ ಸಿಗುತ್ತದೆ. 2023ರ ಆರಂಭದಿಂದ ನಡೆದ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯಲ್ಲಿ ಜಗತ್ತಿನ ಹವಳದ ದಿಬ್ಬಗಳ ಶೇ 84ರಷ್ಟು ಭಾಗ ಬಿಳಿಚುವ ಮಟ್ಟದ ಬಿಸಿಗೆ ಒಳಗಾಯಿತು ಎಂದು ನೋವಾ ಹೇಳಿತು. ಈ ಮಾತು ಎಷ್ಟೋ ಕಡೆ ಶೇ 84ರಷ್ಟು ಹವಳ ಬಿಳಿಚಿತು ಎಂದಾಯಿತು, ಕೆಲವು ಕಡೆ ಸತ್ತಿತು ಎಂದೂ ಆಯಿತು. ನಕ್ಷೆ ಹೇಳಿದ್ದು ಬಿಸಿ ತಾಕಿದ ವಿಸ್ತೀರ್ಣವನ್ನು. ಅದರಲ್ಲಿ ಎಷ್ಟು ಬಿಳಿಚಿತು, ಎಷ್ಟು ಸತ್ತಿತು, ಎಷ್ಟು ಚೇತರಿಸಿತು ಎಂಬುದು ಒಂದೊಂದು ದಿಬ್ಬದ ಪ್ರತ್ಯೇಕ ಕತೆ. ಉಪಗ್ರಹ ಅಳೆಯುವುದು ನೀರಿನ ಮೇಲ್ಮೈಯ ಬಿಸಿಯನ್ನು; ಹತ್ತು ಮೀಟರ್ ಕೆಳಗೆ ತಣ್ಣನೆಯ ನೀರಿನ ಪ್ರವಾಹವಿದ್ದರೆ ಅದಕ್ಕೆ ತಿಳಿಯದು.

ಈ ಲೇಖನದ ವಾದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ತಂತ್ರಜ್ಞಾನ ಇಷ್ಟು ವೇಗವಾಗಿ ಬೆಳೆಯುತ್ತಿರುವಾಗ ಇವತ್ತಿನ ಮಿತಿಗಳನ್ನು ಹಿಡಿದು ವಾದಿಸುವುದೇಕೆ? ಪರಿಸರ ವಿಜ್ಞಾನಿ ಗ್ರೆಗ್ ಆಸ್ನರ್ ಅವರ ತಂಡ ವಿಮಾನದಲ್ಲಿ ಅಳವಡಿಸಿದ ವಿಶೇಷ ರೋಹಿತಮಾಪಕದಿಂದ ಹವಾಯಿಯ ಮುಖ್ಯ ದ್ವೀಪಗಳ ಸುತ್ತ 16 ಮೀಟರ್ ಆಳದವರೆಗಿನ ಜೀವಂತ ಹವಳವನ್ನೇ ಪ್ರತ್ಯೇಕವಾಗಿ ಗುರುತಿಸಿ 2020ರಲ್ಲಿ ನಕ್ಷೆ ಪ್ರಕಟಿಸಿದೆ. ನಾಲ್ಕಾರು ಬಣ್ಣಗಳ ಬದಲು ನೂರಾರು ಸೂಕ್ಷ್ಮ ಪಟ್ಟಿಗಳಲ್ಲಿ ಬೆಳಕನ್ನು ಅಳೆದರೆ ಹವಳ ಮತ್ತು ಪಾಚಿಯ ವ್ಯತ್ಯಾಸ ಹೊರಬೀಳುತ್ತದೆ. ಅಲೆಗಳೇ ಉಂಟುಮಾಡುವ ವಕ್ರತೆಯನ್ನು ಕಳೆಯುವ ಕ್ಯಾಮೆರಾ ವಿಧಾನವನ್ನು ನಾಸಾದಲ್ಲಿ ವೇದ್ ಚಿರಾಯತ್ ರೂಪಿಸಿದ್ದಾರೆ. ಆ ಚಿತ್ರಗಳಲ್ಲಿ ಹವಳಕ್ಕೆ ಬಣ್ಣ ಬಳಿಯುವ ನೀಮೋ-ನೆಟ್ ಎಂಬ ಆಟವನ್ನು 2020ರಲ್ಲಿ ಬಿಡುಗಡೆ ಮಾಡಿ, ಮಕ್ಕಳು ಮೊಬೈಲಿನಲ್ಲಿ ಆಡಿದ ಆಟದಿಂದಲೇ ಕಂಪ್ಯೂಟರಿಗೆ ಪಾಠ ಮಾಡಲಾಗಿದೆ. ಇವೆಲ್ಲ ನಿಜವಾದ ಸಾಧನೆಗಳು, ಇನ್ನೂ ಹೆಚ್ಚು ಬರಲಿ. ಆದರೆ ಈ ಒಂದೊಂದೂ ತನ್ನ ನಿಖರತೆಯನ್ನು ಸಾಬೀತು ಮಾಡಿದ್ದು ಯಾವುದರ ಎದುರು? ನೀರಿನಲ್ಲಿ ನೋಡಿ ಬರೆದಿಟ್ಟ ದಾಖಲೆಯ ಎದುರು. ಯಂತ್ರದ ಕಣ್ಣು ಚುರುಕಾದಷ್ಟೂ ಅದು ಕೇಳುವ ಸಾಕ್ಷ್ಯವೂ ಸೂಕ್ಷ್ಮವಾಗುತ್ತದೆ. ಹಿಂದೆ ಇಲ್ಲಿ ಹವಳವಿದೆ ಎಂದರೆ ಸಾಕಿತ್ತು, ಈಗ ಯಾವ ಕುಲದ ಹವಳ, ಎಷ್ಟು ಆರೋಗ್ಯ ಎಂದು ಹೇಳಬೇಕು. ಹಾಗೆ ಹೇಳಬಲ್ಲ ಕಣ್ಣು ವರ್ಷಗಟ್ಟಲೆ ನೀರಿನಲ್ಲಿ ಪಳಗಬೇಕು. ಹಿಂದಿನ ದಶಕಗಳ ಮಾಹಿತಿಯನ್ನಂತೂ ಯಾವ ಹೊಸ ಉಪಗ್ರಹವೂ ತಂದುಕೊಡಲಾರದು. 1998ರಲ್ಲಿ ಯಾರೂ ಲಕ್ಷದ್ವೀಪದ ನೀರಿಗೆ ಇಳಿದಿರದಿದ್ದರೆ ಶೇ 37 ಎಂಬ ಅಂಕಿ ಇವತ್ತು ಯಾವ ಬೆಲೆಗೂ ಸಿಗುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಹಿಯಾದದ್ದು. ಹವಳವನ್ನು ಕೊಲ್ಲುತ್ತಿರುವುದು ಕಡಲಿನ ಬಿಸಿ, ಬಿಸಿಗೆ ಕಾರಣ ಇಂಧನದ ಹೊಗೆ. ಹಾಗಿರುವಾಗ ಎಷ್ಟು ಚಂದದ ನಕ್ಷೆ ಮಾಡಿದರೂ ಏನು, ಎಷ್ಟು ಸಲ ಮುಳುಗಿದರೂ ಏನು, ಸಾಯುವುದನ್ನು ನಿಖರವಾಗಿ ದಾಖಲಿಸಿದಂತಷ್ಟೇ ಆಗುತ್ತದೆ ಎಂದು ಹೇಳುವವರಿದ್ದಾರೆ. ಈ ವಾದದ ಮೊದಲರ್ಧವನ್ನು, ಅಂದರೆ ಹೊಗೆ ಇಳಿಯದೆ ಹವಳ ಉಳಿಯದು ಎಂಬುದನ್ನು, ಪೂರ್ತಿ ಒಪ್ಪಬೇಕು. ಎರಡನೆಯ ಅರ್ಧವನ್ನು ಸಾಕ್ಷ್ಯ ಒಪ್ಪುವುದಿಲ್ಲ. ಹವಾಯಿಯಲ್ಲಿ 2015ರ ಬಿಸಿಯ ಮುಂಚೆ ಮತ್ತು ಆಮೇಲಿನ ಸ್ಥಿತಿಯನ್ನು ಹೋಲಿಸಿ ಜೇಮಿಸನ್ ಗೋವ್ ಮತ್ತಿತರರು 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಸ್ಪಷ್ಟವಾಗಿದೆ. ದಡದಿಂದ ಹರಿದುಬರುವ ಕೊಳಚೆ ಕಡಿಮೆಯಿದ್ದ, ಪಾಚಿ ತಿನ್ನುವ ಮೀನು ಹೆಚ್ಚಿದ್ದ ದಿಬ್ಬಗಳು ಬಿಸಿಯನ್ನು ತಾಳಿಕೊಂಡು ಉಳಿದವು. ಕಡಲು, ನೆಲ ಎರಡೂ ಕಡೆಯ ಒತ್ತಡವನ್ನು ಒಟ್ಟಿಗೆ ತಗ್ಗಿಸಿದರೆ, ಒಂದನ್ನಷ್ಟೇ ತಗ್ಗಿಸಿದ್ದಕ್ಕಿಂತ, ನಾಲ್ಕು ವರ್ಷಗಳ ನಂತರ ದಿಬ್ಬ ಚೆನ್ನಾಗಿರುವ ಸಾಧ್ಯತೆ ಮೂರರಿಂದ ಆರು ಪಟ್ಟು ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ಗಮನಿಸಿ, ಈ ಅಧ್ಯಯನ ಸಾಧ್ಯವಾದದ್ದೇ ಎರಡೂ ಬಗೆಯ ಮಾಹಿತಿ ಕೂಡಿದ್ದರಿಂದ. ಕೊಳಚೆ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದು ನಕ್ಷೆಯ ಲೆಕ್ಕ, ಮೀನು ಮತ್ತು ಹವಳ ಎಷ್ಟಿವೆ ಎಂಬುದು ಮುಳುಗಿದವರ ಎಣಿಕೆ. ಬಿಸಿಯನ್ನು ತಡೆಯಲು ಒಂದು ಪಂಚಾಯಿತಿಗೆ ಆಗದು. ಕೊಳಚೆಯನ್ನು, ಬಲೆಯನ್ನು, ಹೂಳೆತ್ತುವ ಯಂತ್ರವನ್ನು ತಡೆಯಲು ಆದೀತು, ಎಲ್ಲಿ ತಡೆಯಬೇಕೆಂದು ತಿಳಿದಿದ್ದರೆ.

ಭಾರತದಲ್ಲಿ ಈ ಎಲ್ಲಿ ಎಂಬ ಪ್ರಶ್ನೆಗೆ ಕಾನೂನಿನ ಭಾರವಿದೆ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಹವಳವಿರುವ ಜಾಗಗಳು ಅತ್ಯಂತ ಕಟ್ಟುನಿಟ್ಟಿನ 1ಎ ವರ್ಗಕ್ಕೆ ಸೇರುತ್ತವೆ. ಹೀಗಾಗಿ ನಕ್ಷೆಯ ಮೇಲೆ ಎಳೆದ ಒಂದು ಗೆರೆ ಬಂದರು ಬರಬಹುದೇ ಬಾರದೇ ಎಂದು ನಿರ್ಧರಿಸುತ್ತದೆ. ಗ್ರೇಟ್ ನಿಕೋಬಾರ್‌ನ ಗಲಾಥಿಯಾ ಕೊಲ್ಲಿಯ ಬಂದರು ಯೋಜನೆಯಲ್ಲಿ ಆದದ್ದು ಇದೇ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2023ರ ಏಪ್ರಿಲ್ ಆದೇಶದಲ್ಲಿ ಅಲ್ಲಿನ 20,668 ಹವಳ ಸಮೂಹಗಳ ಪೈಕಿ 16,150ನ್ನು ಬೇರೆಡೆಗೆ ಸಾಗಿಸುವ ಪ್ರಸ್ತಾಪದ ಉಲ್ಲೇಖವಿದೆ. ಯೋಜನೆಯ ಒಂದು ಭಾಗ 1ಎ ವರ್ಗದಲ್ಲಿದೆ ಎಂಬ ಮಾಹಿತಿ ಮೊದಲು ಅಧಿಕೃತವಾಗಿಯೇ ಇತ್ತು. ಆಮೇಲೆ ಸ್ಥಳ ಪರಿಶೀಲನೆ ನಡೆಸಿ, ಯಾವ ಭಾಗವೂ ಆ ವರ್ಗಕ್ಕೆ ಬರುವುದಿಲ್ಲ ಎಂದು ಅಧಿಕೃತವಾಗಿಯೇ ಹೇಳಲಾಯಿತು. ಎರಡರಲ್ಲಿ ಯಾವುದು ಸರಿ ಎಂದು ಹೊರಗಿನವರು ಪರೀಕ್ಷಿಸಬೇಕಾದರೆ ಗೆರೆಯ ಜೊತೆಗೆ ಅದರ ಹಿಂದಿನ ಮುಳುಗು ಸಮೀಕ್ಷೆಯ ಮೂಲ ಮಾಹಿತಿ, ಯಾವ ದಿನ, ಯಾವ ಜಾಗ, ಎಷ್ಟು ಆಳ ಎಂಬ ವಿವರವೂ ಸಾರ್ವಜನಿಕವಾಗಿರಬೇಕು. ತೆರೆದ ನಕ್ಷೆಗಳಿಂದ ಹವಳ ಕದಿಯುವವರಿಗೆ, ರೆಸಾರ್ಟ್ ಕಟ್ಟುವವರಿಗೆ ದಾರಿ ತೋರಿಸಿದಂತಾಗುತ್ತದೆ ಎಂಬ ಭಯವಿದೆ. ಅಂಥವರಿಗೆ ದಾರಿ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದೆ ಉಳಿಯುವುದು ಆ ದಿಬ್ಬದ ಪಕ್ಕದಲ್ಲೇ ಬದುಕುವವರಿಗೆ, ತಮ್ಮ ಪರವಾಗಿ ವಾದಿಸಲು ದಾಖಲೆ ಬೇಕಾದವರಿಗೆ.

ಕರ್ನಾಟಕದ ಪಾಲಿಗೆ ಈ ಮಾತು ನೇತ್ರಾಣಿಗೆ ಅನ್ವಯಿಸುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ಬಂಡೆ ದ್ವೀಪದ ಸುತ್ತ ಹವಳವಿದೆ, ಆದರೆ ಲಕ್ಷದ್ವೀಪದಂತೆ ವಿಶಾಲವಾಗಿ ಹರಡಿದ ದಿಬ್ಬವಲ್ಲ, ಬಂಡೆಯ ಮೈಗೆ ಅಂಟಿಕೊಂಡ ತುಂಡು ತುಂಡು ಸಮೂಹಗಳು. ಮಳೆಗಾಲದಲ್ಲಿ ಹೊಳೆಗಳು ಹೊತ್ತು ತರುವ ಮಣ್ಣಿನಿಂದ ಈ ಕರಾವಳಿಯ ನೀರು ಕದಡುತ್ತದೆ, ತಿಂಗಳುಗಟ್ಟಲೆ ಮೋಡ ಕವಿದಿರುತ್ತದೆ. ಕಡಿದಾದ ಬಂಡೆಯ ಬದಿಯನ್ನು ಮೇಲಿನಿಂದ ನೋಡುವ ಉಪಗ್ರಹ ಓದಲಾರದು. ಜಾಗತಿಕ ನಕ್ಷೆಯಲ್ಲಿ ನೇತ್ರಾಣಿಯ ಹವಳ ಸರಿಯಾಗಿ ಕಾಣದಿದ್ದರೆ ಅಲ್ಲಿ ಹವಳವೇ ಇಲ್ಲ ಎಂದು ಯಾರೂ ತೀರ್ಮಾನಿಸಬಾರದು. ಇಲ್ಲಿ ಅನುಕೂಲವೂ ಒಂದಿದೆ: ಸ್ಕೂಬಾ ಡೈವಿಂಗ್ ತಂಡಗಳು ಹಂಗಾಮಿನುದ್ದಕ್ಕೂ ಪ್ರವಾಸಿಗರನ್ನು ಕರೆದುಕೊಂಡು ಇದೇ ನೀರಿಗೆ ಇಳಿಯುತ್ತವೆ. ಮಳೆಗಾಲ ಮುಗಿದು ನೀರು ತಿಳಿಯಾದ ತಿಂಗಳುಗಳಲ್ಲಿ, ಗುರುತು ಮಾಡಿದ ಅವೇ ಜಾಗಗಳಲ್ಲಿ, ಅದೇ ಆಳದಲ್ಲಿ, ಅಳತೆಯ ಚೌಕಟ್ಟಿಟ್ಟು ವರ್ಷವರ್ಷವೂ ಫೋಟೊ ತೆಗೆಯುವ ತರಬೇತಿಯನ್ನು ಆ ಡೈವರುಗಳಿಗೇ ಕೊಡಬಹುದು. ಒಂದರ ಮೇಲೊಂದು ಹೊಂದುವಂತೆ ತೆಗೆದ ಫೋಟೊಗಳಿಂದ ಬಂಡೆಯ ಬದಿಯ ಮೂರು ಆಯಾಮದ ನಕ್ಷೆಯನ್ನೇ ಕಟ್ಟುವ ತಂತ್ರಾಂಶ ಈಗ ಸಾಮಾನ್ಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಕಾರವಾರದ ಸಾಗರ ಜೀವಶಾಸ್ತ್ರ ವಿಭಾಗದಂಥ ಕಡೆ ಅವನ್ನು ಜಾತಿವಾರು ಗುರುತಿಸಿ, ಫಲಿತಾಂಶವನ್ನು ರಾಜ್ಯದ ಕರಾವಳಿ ನಿರ್ವಹಣಾ ನಕ್ಷೆಯ ಜೊತೆಗೇ ಎಲ್ಲರಿಗೂ ಸಿಗುವಂತೆ ಇಡಬಹುದು. ಇದಕ್ಕೆ ಹೊಸ ಉಪಗ್ರಹ ಬೇಕಿಲ್ಲ. ಬೇಕಾದದ್ದು ಒಂದು ದೋಣಿ, ಕೆಲವು ಕ್ಯಾಮೆರಾ, ಹತ್ತಿಪ್ಪತ್ತು ವರ್ಷ ಬಿಡದೆ ಮುಂದುವರಿಯುವ ಸಣ್ಣ ಅನುದಾನ. ಮುಂದಿನ ಎಲ್ ನಿನೋ ಬರುವ ಮುಂಚೆ ಮೊದಲ ಸುತ್ತಿನ ಫೋಟೊಗಳು ಆಗಿರಬೇಕು.